ದತ್ತು ಅಶ್ವಪತಿ

ಕನ್ನಡ ನಾಡಿನಲ್ಲಿ ಕುದುರೆಗಾಗಿ ಹಣ ಸುರಿಯುವ ಪರಂಪರೆ ಹಳೆಯದು. ವಿಜಯನಗರದ ಅರಸರು ಅರಬ್ ಮತ್ತು ಪರ್ಷಿಯಾದ ಕಡೆಯಿಂದ ಹಡಗಿನಲ್ಲಿ ಬರುತ್ತಿದ್ದ ಕುದುರೆಗಳನ್ನು ವರ್ಷವರ್ಷವೂ ಸಾವಿರಗಟ್ಟಲೆ ಕೊಳ್ಳುತ್ತಿದ್ದರೆಂದೂ, ಸಾಳುವ ನರಸಿಂಹನಂತೂ ದಾರಿಯಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೂ ಜೀವಂತ ಕುದುರೆಯ ಬೆಲೆಯನ್ನೇ ಎಣಿಸಿಕೊಡುತ್ತಿದ್ದನೆಂದೂ 16ನೆಯ ಶತಮಾನದ ಪೋರ್ಚುಗೀಸ್ ಬರಹಗಾರ ನೂನಿಜ್ ದಾಖಲಿಸಿದ್ದಾನೆ. ನೂನಿಜ್ ಸ್ವತಃ ಕುದುರೆ ವ್ಯಾಪಾರಿಯಾಗಿದ್ದುದರಿಂದ ಅವನ ಮಾತನ್ನು ಸ್ವಲ್ಪ ಮುರಿದುಕೊಂಡೇ ಓದಬೇಕಾದರೂ, ಬಾಲಕ್ಕೆ ಬೆಲೆ ಕಟ್ಟಿದ ಅರಸನಿಗೆ ವ್ಯಾಪಾರಿಗಳು ಬೇರೆ ರಾಜ್ಯದ ಕಡೆಗೆ ತಿರುಗದಿರಲಿ ಎಂಬ ಲೆಕ್ಕಾಚಾರವಾದರೂ ಇದ್ದಿರಬೇಕು. ಓಡದ, ಎಳೆಯದ, ಯಾರನ್ನೂ ಹೊರದ ಕುದುರೆಯೊಂದನ್ನು ಅಂಥ ಯಾವ ಲೆಕ್ಕಾಚಾರವೂ ಇಲ್ಲದೆ ಮನೆಗೆ ಕರೆತಂದು, ಅದರ ಖರ್ಚನ್ನು ಸಂತೋಷದಿಂದಲೂ ಸಾರ್ವಜನಿಕವಾಗಿಯೂ ಭರಿಸುವ ಹೊಸದೊಂದು ವರ್ಗ ಈಚಿನ ವರ್ಷಗಳಲ್ಲಿ ಬೆಂಗಳೂರಿನ ಆಸುಪಾಸಿನಲ್ಲಿ ಕಾಣಿಸಿಕೊಂಡಿದೆ. ಈ ವರ್ಗದವನನ್ನು, ಶಾಸ್ತ್ರೀಯ ಅನುಕೂಲಕ್ಕಾಗಿ, ದತ್ತು ಅಶ್ವಪತಿ ಎಂದು ಕರೆಯಬಹುದು.

ಅಶ್ವಪತಿಯ ಉಗಮಕ್ಕೆ ಕಾರಣ ಕುದುರೆಯ ಆಯುಸ್ಸಿನಲ್ಲಿದೆ. ಓಟಕ್ಕೆಂದೇ ತಲೆತಲಾಂತರದ ವಂಶಾವಳಿ ಬರೆದಿಟ್ಟು ಬೆಳೆಸಿದ ಥರೋಬ್ರೆಡ್ ತಳಿಯ ರೇಸ್ ಕುದುರೆ ಎರಡು ವರ್ಷದ ವಯಸ್ಸಿಗೇ ಕಣಕ್ಕಿಳಿದು, ವೇಗ ಕುಂದಿಯೋ, ಮುಂಗಾಲಿನ ಸ್ನಾಯುರಜ್ಜು, ಅಂದರೆ ಮಾಂಸಖಂಡವನ್ನು ಮೂಳೆಗೆ ಬಿಗಿದಿಡುವ ಗಟ್ಟಿ ನಾರು, ಹಾನಿಗೊಂಡೋ, ಹತ್ತು ತುಂಬುವ ಮೊದಲೇ ಸಾಮಾನ್ಯವಾಗಿ ನಿವೃತ್ತಿಯಾಗುತ್ತದೆ; ಆದರೆ ಚೆನ್ನಾಗಿ ನೋಡಿಕೊಂಡರೆ ಅದು 25ರಿಂದ 30 ವರ್ಷ ಬದುಕುತ್ತದೆ. ಹೀಗೆ ಉಳಿದುಹೋಗುವ, ಪಿಂಚಣಿಯೂ ಭವಿಷ್ಯನಿಧಿಯೂ ಇಲ್ಲದ ಆ ದೀರ್ಘ ಉತ್ತರಾರ್ಧದಲ್ಲಿ ಕೆಲವು ಸವಾರಿ ಶಾಲೆಗಳಿಗೂ, ಕೆಲವು ಮದುವೆಯ ಮೆರವಣಿಗೆಗಳಿಗೂ ಸೇರಿ, ಕುಂಟತೊಡಗಿದ ಮೇಲೆ ರಸ್ತೆಗೆ ಬೀಳುವುದುಂಟು. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ ಕಾಯಿದೆ ಭಾರತದಲ್ಲಿ 1960ರಲ್ಲೇ ಬಂತು, ಅದರ ಆಧಾರದ ಮೇಲೆ ರುಕ್ಮಿಣೀದೇವಿ ಅರುಂಡೇಲ್ ಅವರ ಅಧ್ಯಕ್ಷತೆಯಲ್ಲಿ ಪ್ರಾಣಿ ಕಲ್ಯಾಣ ಮಂಡಳಿ 1962ರಲ್ಲಿ ರೂಪುಗೊಂಡಿತು. ಆದರೆ ಕಾಯಿದೆಯು ಹುಲ್ಲು ಹಾಕುವುದಿಲ್ಲವಾದ್ದರಿಂದ ಆ ಕೆಲಸ ಸ್ವಯಂಸೇವಕರ ಪಾಲಿಗೆ ಬಂದಿದೆ. ಬೆಂಗಳೂರಿನಲ್ಲಿ ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಮಹಿಳೆ 1991ರಲ್ಲಿ ಕ್ಯೂಪಾ ಎಂಬ ಪ್ರಾಣಿ ಕಲ್ಯಾಣ ಸಂಸ್ಥೆಯನ್ನು ಕಟ್ಟಿದ ಮೇಲೆ ನಗರದ ಸುತ್ತ ಇಂಥ ಹಲವು ಆಶ್ರಯತಾಣಗಳು ಹುಟ್ಟಿಕೊಂಡಿವೆ. ಅಲ್ಲಿನವರು ಇವನ್ನು ಶೆಲ್ಟರ್ ಎನ್ನುತ್ತಾರೆ, ಸಂಬಳವಿಲ್ಲದೆ ದುಡಿಯುವವರನ್ನು ವಾಲಂಟಿಯರ್ ಎನ್ನುತ್ತಾರೆ, ಮತ್ತು ಅಶ್ವಪತಿಯನ್ನು ಅವನ ಎದುರಿಗೆ ಸರ್ ಎನ್ನುತ್ತಾರೆ.

ಈ ವರ್ಗಕ್ಕೆ ದೂರದ ದಾಯಾದಿಗಳೂ ಇದ್ದಾರೆ. ಹಣ ಕೊಟ್ಟು, ಪ್ರಾಣಿಯನ್ನು ಅದು ಇರುವಲ್ಲಿಯೇ ಬಿಟ್ಟು, ಪ್ರಮಾಣಪತ್ರವನ್ನು ಮಾತ್ರ ಮನೆಗೆ ತರುವವರು ಅವರು. ಕರ್ನಾಟಕ ಸರ್ಕಾರವು 2022ರಲ್ಲಿ ಆರಂಭಿಸಿದ ಪುಣ್ಯಕೋಟಿ ದತ್ತು ಯೋಜನೆಯಲ್ಲಿ ಗೋಶಾಲೆಯ ಒಂದು ಹಸುವನ್ನು ವರ್ಷಕ್ಕೆ 11,000 ರೂಪಾಯಿ ಕೊಟ್ಟು ದತ್ತು ಪಡೆಯಲು ಅವಕಾಶವಿತ್ತು. ಇದು ದಿನಕ್ಕೆ ಸುಮಾರು 30 ರೂಪಾಯಿಯಾಗುತ್ತದೆ, ಬೆಂಗಳೂರಿನ ದರ್ಶಿನಿಗಳಲ್ಲಿ ಅಷ್ಟಕ್ಕೆ ಎರಡು ಕಾಫಿ ಬರುವುದೂ ಅನುಮಾನ. ಇಂಥವರಿಂದ ಪ್ರಾಣಿಗೆ ಉಪಕಾರವೇ ಹೊರತು ಅಪಾಯವಿಲ್ಲದ್ದರಿಂದ ಅವರು ಹಾಸ್ಯಕ್ಕೆ ಒದಗುವುದಿಲ್ಲ. ಪ್ರಸ್ತುತ ವಿವೇಚನೆ ಪ್ರಾಣಿಯನ್ನೇ ಮನೆಗೆ ಕರೆತರುವ ಸಾಹಸಿಗೆ ಸೀಮಿತವಾದದ್ದು.

ಚಾಲುಕ್ಯ ವಂಶದ ಕೀರ್ತಿವರ್ಮನು ಕನ್ನಡದಲ್ಲಿ ಗೋವೈದ್ಯದ ಗ್ರಂಥವನ್ನೇ ಬರೆದನು, ದನದ ಜಾತ್ರೆಗಳಲ್ಲಿ ರೈತರು ಇಂದಿಗೂ ಹಲ್ಲು ಹಿಡಿದು ವಯಸ್ಸನ್ನೂ ಸುಳಿ ನೋಡಿ ಶುಭಾಶುಭವನ್ನೂ ಹೇಳುತ್ತಾರೆ. ಆದರೆ ಪ್ರಾಣಿಯನ್ನು ಕೊಂಡೊಯ್ಯುವವನ ಸುಳಿಗಳನ್ನು ಯಾವ ಶಾಸ್ತ್ರವೂ ವಿವರಿಸಿಲ್ಲ. ಅವುಗಳಲ್ಲಿ ಮುಖ್ಯವಾದವನ್ನು ಇಲ್ಲಿ ಸೂಚಿಸಬಹುದು. ದತ್ತು ಅಶ್ವಪತಿಗೆ ವಯಸ್ಸು ನಲವತ್ತೈದು ದಾಟಿರುತ್ತದೆ, ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ತನ್ನ ಕೆಲಸ ಏನೆಂದು ತನ್ನ ತಾಯಿಗೆ ವಿವರಿಸಲಾಗದಂಥ ದೊಡ್ಡ ಹುದ್ದೆಯಿರುತ್ತದೆ, ಕನಕಪುರ ರಸ್ತೆಯಲ್ಲೋ ದೊಡ್ಡಬಳ್ಳಾಪುರದ ಆಚೆಗೋ ಒಂದೆರಡು ಎಕರೆ ಜಮೀನಿರುತ್ತದೆ. ಆ ಜಮೀನನ್ನು ಅವನು ಫಾರ್ಮ್ ಎಂದೂ, ಅವನ ಹೆಂಡತಿ ಖರ್ಚು ಎಂದೂ, ಅಲ್ಲಿ ವಾಸಿಸಿ ಅದನ್ನು ನೋಡಿಕೊಳ್ಳುವ ಆಳು ತೋಟ ಎಂದೂ ಕರೆಯುತ್ತಾರೆ. ಕುದುರೆಯ ಹಂತಕ್ಕೆ ಅವನು ಏಕಾಏಕಿ ಬಂದವನಲ್ಲ. ಮೊದಲು ತಾರಸಿ ತೋಟ, ಆಮೇಲೆ ಸಿರಿಧಾನ್ಯ, ಆಮೇಲೆ ಗಾಣದ ಎಣ್ಣೆ, ಆಮೇಲೆ ನಾಟಿ ಹಸುವಿನ ತುಪ್ಪ ಎಂಬ ಸೋಪಾನಗಳನ್ನು ಒಂದೊಂದಾಗಿ ಏರಿ, ಪ್ರತಿಯೊಂದನ್ನೂ ಬಂಧುಗಳಿಗೆ ಬೋಧಿಸಿ, ಬಂಧುಗಳು ಫೋನು ಎತ್ತುವುದನ್ನು ನಿಲ್ಲಿಸಿದ ಘಟ್ಟದಲ್ಲಿ ಅವನ ಕರುಣೆ ಮೂಕಪ್ರಾಣಿಗಳತ್ತ ತಿರುಗಿರುತ್ತದೆ.

ಶೆಲ್ಟರಿಗೆ ಹೋಗುವಾಗ ಅವನು ಕೃತಜ್ಞತೆಯನ್ನು ನಿರೀಕ್ಷಿಸಿರುತ್ತಾನೆ, ದೊರೆಯುವುದು ಪ್ರಶ್ನಾವಳಿ. ಕೊಡುವವನು ತಾನು ಎಂದು ನಂಬಿ ಹೋದವನಿಗೆ, ಬೇಡುವವನೂ ತಾನೇ ಎಂದು ತಿಳಿಯುವ ಈ ಕ್ಷಣ ಅವನ ಜೀವನದ ಮೊದಲ ಪೆಟ್ಟು. ಅರ್ಜಿಯ ಹಿಂದೆಯೇ ಸ್ಥಳ ಪರಿಶೀಲನೆ ಬರುತ್ತದೆ. ಹಾಗೆ ಬರುವ ವಾಲಂಟಿಯರ್ ಹೆಚ್ಚಾಗಿ ಇಪ್ಪತ್ತಾರರ ಆಸುಪಾಸಿನ ಹುಡುಗಿ. ಲದ್ದಿ ಮೆತ್ತಿದ ಬೂಟು, ಕೈಯಲ್ಲಿ ಅಳತೆ ಟೇಪು, ಮುಖದಲ್ಲಿ ಇಂಥ ಹಲವು ತೋಟಗಳನ್ನು ನೋಡಿದ ದಣಿವು. ಅಶ್ವಪತಿಯು ಅವಳಿಗೆ ಎಳನೀರು ಕೊಡಿಸಿ, ಮಾವಿನ ತಳಿಗಳನ್ನು ಹೆಸರಿಸುತ್ತ, ಸೂರ್ಯಾಸ್ತ ಕಾಣುವ ಜಗಲಿಯನ್ನು ತೋರಿಸುತ್ತಾನೆ. ಅವಳು ಸೂರ್ಯಾಸ್ತವನ್ನು ಬಿಟ್ಟು ಬೇಲಿಯನ್ನು ನೋಡುತ್ತಾಳೆ, ಮುಳ್ಳುತಂತಿಯನ್ನು ಬಿಚ್ಚಿಸಬೇಕೆನ್ನುತ್ತಾಳೆ, ಏಕೆಂದರೆ ಬೆದರಿದ ಕುದುರೆ ತಂತಿಗೆ ನುಗ್ಗಿ ತೊಗಲು ಹರಿದುಕೊಳ್ಳುತ್ತದೆ. ನೆಲದಲ್ಲಿ ಬಿದ್ದ ತುಕ್ಕು ಮೊಳೆಗಳನ್ನು ಆರಿಸಿ ಕೈಗೆ ಕೊಡುತ್ತಾಳೆ, ಏಕೆಂದರೆ ಧನುರ್ವಾಯು ಕುದುರೆಗೆ ಬಹಳ ಬೇಗ ತಗಲುವ ರೋಗ. ಬೋರ್‌ವೆಲ್ ಬೇಸಗೆಯಲ್ಲಿ ಬತ್ತುವುದಿಲ್ಲವೇ ಎಂದು ಕೇಳುತ್ತಾಳೆ, ಏಕೆಂದರೆ ದೊಡ್ಡ ಕುದುರೆಯೊಂದು ದಿನಕ್ಕೆ 25ರಿಂದ 45 ಲೀಟರ್ ನೀರು ಕುಡಿಯುತ್ತದೆ. ಇವೆಲ್ಲಕ್ಕೂ ಅವನಲ್ಲಿ ಉತ್ತರಗಳಿರುತ್ತವೆ, ಕೆಲವಕ್ಕೆ ಸ್ಲೈಡ್‌ಗಳೂ ಇರುತ್ತವೆ. ಕೊನೆಗೆ ಅವಳು ಅವನನ್ನು ದಾಟಿ, ಹಿಂದೆ ಕೈಕಟ್ಟಿ ನಿಂತ ತೋಟದ ಆಳಿನ ಕಡೆಗೆ ತಿರುಗಿ, "ಅಣ್ಣ, ರಾತ್ರಿ ಇಲ್ಲಿ ಇರೋದು ಯಾರು?" ಎಂದು ಕೇಳುತ್ತಾಳೆ. "ನಾನೇ ಕಣವ್ವ, ಇನ್ಯಾರಿದ್ದಾರು" ಎಂಬ ಉತ್ತರ ಬಂದ ಮೇಲೆ ಉಳಿದ ಪ್ರಶ್ನೆಗಳೆಲ್ಲ ಅತ್ತಲೇ ಹೋಗುತ್ತವೆ. ಅರ್ಜಿಯು ಮಂಜೂರಾಗುವುದು ಈ ಎರಡನೆಯ ಸಂದರ್ಶನದ ಬಲದಿಂದ ಎಂಬುದನ್ನು ಅಶ್ವಪತಿಗೆ ಯಾರೂ ಹೇಳುವುದಿಲ್ಲ.

ಕರಾರುಪತ್ರದ ವಿಷಯದಲ್ಲಿ ಎರಡನೆಯ ಪೆಟ್ಟು ಕಾದಿರುತ್ತದೆ. ಕುದುರೆಯನ್ನು ಮಾರಕೂಡದು, ಬಾಡಿಗೆಗೆ ಬಿಡಕೂಡದು, ಮರಿ ಹಾಕಿಸಕೂಡದು, ನೋಡಿಕೊಳ್ಳಲಾಗದಿದ್ದರೆ ಬೇರೆಯವರಿಗೆ ದಾಟಿಸದೆ ಶೆಲ್ಟರಿಗೇ ಹಿಂದಿರುಗಿಸಬೇಕು ಎಂಬ ಷರತ್ತುಗಳಿಗೆ ಅವನು ಉದಾರವಾಗಿ ಸಹಿ ಹಾಕುತ್ತ ಹೋಗಿ, ಕಾಲಿನ ಹಳೆಯ ಗಾಯದ ಕಾರಣ ಕುದುರೆಯ ಮೇಲೆ ಸವಾರಿ ಮಾಡಕೂಡದು ಎಂಬಲ್ಲಿಗೆ ಬಂದು ನಿಲ್ಲುತ್ತಾನೆ. ಮೊಳಕಾಲಿನವರೆಗಿನ ಚರ್ಮದ ಬೂಟು, ಹೆಲ್ಮೆಟ್ ಮತ್ತು ಬಿಗಿಯಾದ ಪ್ಯಾಂಟು ಅಷ್ಟು ಹೊತ್ತಿಗೆ ಆನ್‌ಲೈನಿನಲ್ಲಿ ಬಂದು ತಲುಪಿ, ಹಿಂದಿರುಗಿಸುವ ಅವಧಿಯೂ ಮುಗಿದಿರುತ್ತದೆ. ಕೊಟ್ಟ ಕುದುರೆಯನ್ನು ಏರಲಾರದವರನ್ನು ಅಲ್ಲಮಪ್ರಭು ವಚನವೊಂದರಲ್ಲಿ ಚುಚ್ಚಿದ್ದಾನೆ. ಆದರೆ ಏರಲೇಕೂಡದೆಂಬ ಕರಾರಿನ ಮೇಲೆ ಕೊಟ್ಟ ಕುದುರೆಯ ಬಗ್ಗೆ ಅನುಭವ ಮಂಟಪದಲ್ಲಿ ಚರ್ಚೆ ನಡೆದಂತಿಲ್ಲ. ಅಶ್ವಪತಿ ಬೂಟನ್ನು ಹಾಕಿಕೊಂಡು ಕುದುರೆಯ ಪಕ್ಕದಲ್ಲಿ ನಡೆಯುವ ಮಧ್ಯಮಮಾರ್ಗವನ್ನು ಹಿಡಿಯುತ್ತಾನೆ.

ಕುದುರೆ ಬಂದ ದಿನ ಮೊದಲು ನಡೆಯುವುದು ನಾಮಕರಣ. ರೇಸಿನ ದಿನಗಳಲ್ಲಿ ಅದಕ್ಕಿದ್ದ ಠೀವಿಯ ಇಂಗ್ಲಿಷ್ ಹೆಸರನ್ನು ಕಿತ್ತು ಚೇತಕ್ ಎಂದೋ ಚೆನ್ನ ಎಂದೋ ಇಡಲಾಗುತ್ತದೆ; ಆಳು ಅದನ್ನು ಮೊದಲ ದಿನದಿಂದ ಕೊನೆಯವರೆಗೂ "ಲೇ ಮಗ" ಎಂದೇ ಕರೆಯುತ್ತಾನೆ, ಅದು ತಿರುಗಿ ನೋಡುವುದೂ ಆ ಹೆಸರಿಗೇ. ಮುಂದಿನದು ಹುಟ್ಟುಹಬ್ಬ. ಉತ್ತರಾರ್ಧಗೋಳದ ರೇಸ್ ಕುದುರೆಗಳಿಗೆಲ್ಲ, ಯಾವ ತಿಂಗಳಲ್ಲಿ ಹುಟ್ಟಿದ್ದರೂ, ಜನವರಿ 1ರಂದೇ ಒಂದು ವರ್ಷ ಏರಿಸುವುದು ಪದ್ಧತಿ. ಹಿಂದಿನ ತಲೆಮಾರಿನ ಕನ್ನಡಿಗರು ಅರ್ಧಕ್ಕರ್ಧ ಶಾಲೆಯ ದಾಖಲೆಯಂತೆ ಜೂನ್ 1ರಂದು ಹುಟ್ಟಿದಂತೆಯೇ ಇದು. ಹೊಸವರ್ಷವೂ ಹುಟ್ಟುಹಬ್ಬವೂ ಒಟ್ಟಿಗೆ ಬಂದ ಆನಂದದಲ್ಲಿ ಬೆಲ್ಲ, ಬಾಳೆಹಣ್ಣು, ನೆನೆಸಿದ ಹುರುಳಿ ಮತ್ತು ಕ್ಯಾರೆಟ್ ಹಾಕಿದ ಕೇಕು ಸಿದ್ಧವಾಗುತ್ತವೆ, ಚಿತ್ರಗಳು ಹರಿದಾಡುತ್ತವೆ, ಐದು ನಿಮಿಷದೊಳಗೆ ವಾಲಂಟಿಯರ್ ಹುಡುಗಿಯ ಫೋನು ಬರುತ್ತದೆ. ಕುದುರೆ ವಾಂತಿ ಮಾಡಲಾರದ ಪ್ರಾಣಿ. ಅನ್ನನಾಳವು ಜಠರವನ್ನು ಸೇರುವಲ್ಲಿನ ಸ್ನಾಯು ಅಷ್ಟು ಬಿಗಿ. ಆದ್ದರಿಂದ ಒಳಗೆ ಹೋದದ್ದು ಕೆಟ್ಟರೆ ಹೊಟ್ಟೆಶೂಲೆ ಬಂದು ಪ್ರಾಣಕ್ಕೇ ಎರವಾಗಬಹುದು, ಕಾಳು ಅತಿಯಾದರೆ ಗೊರಸಿನ ಒಳಪದರಕ್ಕೆ ಉರಿಯೂತ ಬಂದು ನಿಲ್ಲುವುದೇ ಕಷ್ಟವಾಗಬಹುದು. ಅದಕ್ಕೆ ಬೇಕಾದದ್ದು ದಿನವಿಡೀ ಸ್ವಲ್ಪಸ್ವಲ್ಪವಾಗಿ ಹುಲ್ಲು. 450 ಕಿಲೋ ತೂಗುವ ಪ್ರಾಣಿಗೆ ದಿನಕ್ಕೆ ಸುಮಾರು 9 ಕಿಲೋ ಒಣಹುಲ್ಲು. ಹುಲ್ಲು ಹಾಕುವುದರಲ್ಲಿ ತೆಗೆಯುವಂಥ ಚಿತ್ರವಿಲ್ಲ ಎಂಬುದು ಅಶ್ವಪತಿಯ ದೊಡ್ಡ ಕೊರಗು.

ನಿದ್ರೆಯ ಪ್ರಕರಣವನ್ನು ಇಲ್ಲಿ ಬಿಡುವಂತಿಲ್ಲ. ಕಾಲಿನ ಕೀಲುಗಳನ್ನು ಬಿಗಿದು ನಿಲ್ಲಿಸುವ ನಾರುಗಳ ವ್ಯವಸ್ಥೆಯೊಂದು ಕುದುರೆಯಲ್ಲಿರುವುದರಿಂದ ಅದು ನಿಂತೇ ತೂಕಡಿಸಬಲ್ಲದು. ಗಾಢ ನಿದ್ರೆಗೆ ಮಾತ್ರ, ಅದೂ ಜಾಗದ ಮೇಲೆ ನಂಬಿಕೆ ಬಂದ ಮೇಲೆ, ಸ್ವಲ್ಪ ಹೊತ್ತು ಮಲಗುತ್ತದೆ. ಮೊದಲ ವಾರ ಕುದುರೆ ಮಲಗಲೇ ಇಲ್ಲವೆಂದು ಸಿ.ಸಿ. ಕ್ಯಾಮೆರಾದಲ್ಲಿ ಕಂಡ ಅಶ್ವಪತಿ ನಡುರಾತ್ರಿ ಪಶುವೈದ್ಯರನ್ನು ಎಬ್ಬಿಸುತ್ತಾನೆ, ಮೂರನೆಯ ವಾರ ಅದು ನಾಲ್ಕೂ ಕಾಲು ಚಾಚಿ ಮಲಗಿದಾಗ ಸತ್ತೇಹೋಯಿತೆಂದು ಮತ್ತೆ ಎಬ್ಬಿಸುತ್ತಾನೆ. "ಸಾರ್, ಅದು ಮಲ್ಗೈತೆ, ನೀವೂ ಮಲ್ಕಳಿ" ಎಂದು ಆಳು ಫೋನಿನಲ್ಲಿ ಹೇಳುವ ಮಾತೇ ಎರಡೂ ಸಲ ಚಿಕಿತ್ಸೆಯಾಗಿ ಪರಿಣಮಿಸುತ್ತದೆ.

ಹಿಂಡಿನಲ್ಲಿ ಬಾಳುವ ಪ್ರಾಣಿಯಾದ ಕುದುರೆ ಒಂಟಿಯಾದರೆ ಮಂಕಾಗುತ್ತದೆ, ಬಾಗಿಲಿನ ಮರವನ್ನು ಕಚ್ಚುತ್ತದೆ, ಜೊತೆಗೊಂದು ಜೀವ ಬೇಕೇಬೇಕು ಎಂದು ಶೆಲ್ಟರಿನವರು ಆಮೇಲೆ ನೆನಪಿಸುತ್ತಾರೆ. ಅವರಲ್ಲಿ ಇಟ್ಟಿಗೆಗೂಡಿನಿಂದ ಬಿಡಿಸಿ ತಂದ ಕತ್ತೆಯೊಂದು ಇದ್ದೇ ಇರುತ್ತದೆ. ಕುದುರೆಯ ಜೊತೆಗೆಂದು ಬಂದ ಕತ್ತೆ ತಿಂಗಳೊಳಗೆ ಕುದುರೆಯನ್ನು ಆಳತೊಡಗುತ್ತದೆ. ಹೆಂಡತಿಯ ಬಂಧುಗಳಿಗೆ ಕುದುರೆಯ ವಿಷಯವನ್ನು ಮೊದಲೇ ಹೇಳಿರುವ ಅಶ್ವಪತಿ ಕತ್ತೆಯ ವಿಷಯವನ್ನು ಅದರ ಹಾಲಿನ ಔಷಧೀಯ ಗುಣಗಳೊಂದಿಗೆ ಸೇರಿಸಿ ಹೇಳುತ್ತಾನೆ, ಅದು ಗಂಡು ಎಂಬುದನ್ನು ಸದ್ಯಕ್ಕೆ ಹೇಳುವುದಿಲ್ಲ. ಲದ್ದಿಯೂ ಸಾಮಾನ್ಯ ಸಂಗತಿಯಲ್ಲ: ಕುದುರೆಯೊಂದೇ ದಿನಕ್ಕೆ 15ರಿಂದ 20 ಕಿಲೋ ಹಾಕುತ್ತದೆ. ಅಪಾರ್ಟ್‌ಮೆಂಟಿನ ನೆರೆಯವರಿಗೆ ಗೊಬ್ಬರದ ಪೊಟ್ಟಣಗಳನ್ನು ದೀಪಾವಳಿಯ ಸಿಹಿಯೊಂದಿಗೆ ಹಂಚಿದ ಮೇಲೆ ಲಿಫ್ಟಿನಲ್ಲಿ ಅವನೊಂದಿಗೆ ನಿಲ್ಲುವವರ ಸಂಖ್ಯೆ ಕಡಿಮೆಯಾಗುತ್ತದೆ.

ಈ ನಾಟಕದಲ್ಲಿ ಅಶ್ವಪತಿಯು ನಿಜವಾಗಿಯೂ ವಿನಯದಿಂದ ನಿಲ್ಲುವುದು ನಾಲಬಂದನ ಮುಂದೆ ಮಾತ್ರ. ಕುದುರೆಯ ಗೊರಸು ಉಗುರಿನಂತೆ ಬೆಳೆಯುತ್ತಲೇ ಇರುವುದರಿಂದ ಆರರಿಂದ ಎಂಟು ವಾರಕ್ಕೊಮ್ಮೆ ಅದನ್ನು ಕೊಯ್ದು ಸಮಮಾಡಬೇಕು; ಈ ಕೆಲಸವನ್ನೂ ನಾಲ ಹೊಡೆಯುವುದನ್ನೂ ಬಲ್ಲ ನಾಲಬಂದರು ಈಗ ರೇಸ್‌ಕೋರ್ಸಿನ ಲಾಯಗಳ ಸುತ್ತ, ಸವಾರಿ ಶಾಲೆಗಳಲ್ಲಿ, ಮೈಸೂರಿನ ಟಾಂಗಾ ನಿಲ್ದಾಣಗಳ ಬಳಿ ಸಿಗುವ ಕೆಲವೇ ಮಂದಿ. ಕಂಪನಿಯ ಇನ್ನೂರು ಜನರ ರಜೆಯನ್ನು ತಾನು ನಿರ್ಧರಿಸುವವನು ನಾಲಬಂದನ ಬಿಡುವಿಗೆ ತನ್ನ ರಜೆಯನ್ನು ಹೊಂದಿಸಿಕೊಳ್ಳುತ್ತಾನೆ, ಊಟಕ್ಕೆ ಏನು ಮಾಡಿಸಲಿ ಎಂದು ಕೇಳುತ್ತಾನೆ. ಆದರೆ ಕುದುರೆ ಕಾಲೆತ್ತಿ ಕೊಡುವುದು ಆಳಿಗೆ. ಒಡೆಯ ಹತ್ತಿರ ಬಂದರೆ ಕ್ಯಾಮೆರಾ ಬಂತೆಂದು ತಿಳಿದು ಕಿವಿ ಹಿಂದಕ್ಕೆ ಮಡಿಸುತ್ತದೆ.

ಇಷ್ಟಾದರೂ ಅಶ್ವಪತಿಯ ಪ್ರೀತಿ ಹುಸಿಯೆಂದು ಹೇಳಲಾಗದು. ಎರಡು ವರ್ಷ ಕಳೆಯುವ ಹೊತ್ತಿಗೆ ಅವನು ಕೇಕು ಬಿಟ್ಟಿರುತ್ತಾನೆ, ಹುಲ್ಲಿನ ದರ ತಿಳಿದಿರುತ್ತಾನೆ, ಸಭೆಯ ನಡುವೆ ಎದ್ದು ರಾಗಿಹುಲ್ಲಿನ ಲಾರಿಯವನೊಂದಿಗೆ ಚೌಕಾಶಿ ಮಾಡುತ್ತಾನೆ, ಬೂಟನ್ನು ಆಳಿಗೆ ದಾನಮಾಡಿರುತ್ತಾನೆ. ಆಗಲೇ ಶೆಲ್ಟರಿನ ವಾರ್ಷಿಕ ನವೀಕರಣದ ಪತ್ರ ಬರುತ್ತದೆ. ಕುದುರೆಗೆ ಈಗ ಹತ್ತು, ಒಡೆಯನಿಗೆ ಐವತ್ತೆಂಟು. ಇನ್ನೂ ಇಪ್ಪತ್ತು ವರ್ಷ ಬದುಕಬಹುದಾದ ಪ್ರಾಣಿಯನ್ನು ತಮ್ಮ ನಂತರ ನೋಡಿಕೊಳ್ಳುವವರು ಯಾರು ಎಂಬ ಅಂಕಣದಲ್ಲಿ ಅವನು ಡಲ್ಲಾಸಿನಲ್ಲಿರುವ ಮಗನ ಹೆಸರನ್ನು ಬರೆಯುತ್ತಾನೆ. ತೋಟಕ್ಕೆ ಒಂದು ಗಂಟೆಯೊಳಗೆ ಬಂದು ತಲುಪಬಲ್ಲವರೇ ಆಗಬೇಕೆಂದು ವಾಲಂಟಿಯರ್ ಹುಡುಗಿ ಅದನ್ನು ಹೊಡೆದುಹಾಕುತ್ತಾಳೆ. ಹೆಂಡತಿ ಕಾಗದವನ್ನು ಓದಿ, ಕನ್ನಡಕ ತೆಗೆದು, ಅಡುಗೆಮನೆಗೆ ಹೋಗುತ್ತಾಳೆ. ಉಳಿದದ್ದು ಒಂದೇ ಹೆಸರಾದ್ದರಿಂದ ಅದನ್ನೇ ಬರೆದು, ಸಹಿಗಾಗಿ ಪತ್ರವನ್ನು ತೋಟಕ್ಕೆ ಕೊಂಡೊಯ್ಯಲಾಗುತ್ತದೆ. ಆಳು ಅದನ್ನು ಎರಡು ಸಲ ಓದಿಸಿಕೊಂಡು, ಕುದುರೆಯದು ಸರಿ, ಕತ್ತೆಯದು ಇದರಲ್ಲಿ ಬರೆದಿಲ್ಲವಲ್ಲ ಎಂದು ಆಕ್ಷೇಪಿಸಿ, ಎರಡಕ್ಕೂ ಸೇರಿಸಿ ಸಂಬಳ ಎಷ್ಟು ಏರುತ್ತದೆಂಬುದು ಇತ್ಯರ್ಥವಾಗುವ ತನಕ ಪೆನ್ನು ಮುಟ್ಟುವುದಿಲ್ಲವೆಂದು ತಿಳಿಸಿ, ನೀರು ಬಿಡಲು ಹೋಗುತ್ತಾನೆ.