ಪುರಾತನ ಮಾಲು, ಹೊಸ ಸ್ಟಾಕು

ಮನುಷ್ಯರು ವಯಸ್ಸು ಇಳಿಸಿ ಹೇಳುತ್ತಾರೆ, ಕ್ರಿಸ್ಮಸ್ ಮಾರುಕಟ್ಟೆಗಳು ಏರಿಸಿ ಹೇಳುತ್ತವೆ. ಜರ್ಮನ್ ಮಾತಾಡುವ ಊರುಗಳಲ್ಲಿ ನವೆಂಬರ್ ಕೊನೆಗೆ ಈ ಪೈಪೋಟಿ ಶುರು. ವಿಯೆನ್ನಾ ತನ್ನ ಡಿಸೆಂಬರ್ ಸಂತೆಗೆ 1298ರ ಅಪ್ಪಣೆ ತೋರಿಸುತ್ತದೆ. ಮ್ಯೂನಿಕ್ 1310 ಅನ್ನುತ್ತದೆ, ಬೌಟ್ಸೆನ್ 1384, ಡ್ರೆಸ್ಡೆನ್ 1434. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬರದು ಸಂತೆ ಹೌದು, ಕ್ರಿಸ್ಮಸ್ ಸಂತೆ ಅಲ್ಲ. ಇನ್ನೊಬ್ಬರದು ಸಂತ ನಿಕೋಲಾಸನ ಜಾತ್ರೆ. ಮತ್ತೊಬ್ಬರದು ಬರೀ ಮಾಂಸದಂಗಡಿ. ಷರತ್ತುಗಳನ್ನು ಸಣ್ಣ ಅಕ್ಷರದಲ್ಲಿ ಮುದ್ರಿಸಿದರೆ ಎಲ್ಲರೂ ಎಲ್ಲರಿಗಿಂತ ಹಳಬರೇ. ಜಗತ್ತಿಗೆಲ್ಲ ಹೆಸರಾದ ನ್ಯೂರೆಂಬರ್ಗ್ ಮಾತ್ರ ಪಾಪ, 1628ರ ಒಂದು ಮರದ ಡಬ್ಬಿ ಹಿಡಿದು ನಿಂತಿದೆ. ಸಂತೆಯಿಂದ ಕಳಿಸಿದ ಉಡುಗೊರೆ ಎಂದು ಆ ಡಬ್ಬಿಯ ಮೇಲೆ ಬರೆದಿದೆಯಂತೆ. ಇದ್ದುದರಲ್ಲಿ ಪ್ರಾಮಾಣಿಕ ದಾಖಲೆ ಅದೇ.

ಡ್ರೆಸ್ಡೆನ್ನಿನ ಕಥೆ ನೋಡಿ. 1434ರಲ್ಲಿ ಸ್ಯಾಕ್ಸನಿಯ ದೊರೆ ಎರಡನೇ ಫ್ರೆಡ್ರಿಕ್ ಅಲ್ಲಿನವರಿಗೆ ಹಬ್ಬಕ್ಕೆ ಮುಂಚಿನ ಸೋಮವಾರ ಒಂದೇ ಒಂದು ದಿನದ ಸಂತೆ ಕೊಟ್ಟ. ವ್ರತ ಮುಗಿಸಿದವರು ಹಬ್ಬದೂಟಕ್ಕೆ ಮಾಂಸ ಕೊಳ್ಳಲಿ ಎಂದು. ದೀಪದ ಸರವಿಲ್ಲ, ದೇವದೂತರಿಲ್ಲ, ಕಡಿಯುವ ಕತ್ತಿ, ತೂಗುವ ತಕ್ಕಡಿ. ಈಗ ಆ ಊರಿನ ಹೆಮ್ಮೆಯಾಗಿರುವ ಸ್ಟೊಲೆನ್ ಎಂಬ ಒಣದ್ರಾಕ್ಷಿಯ ರೊಟ್ಟಿಗೆ ಆಗ ಬೆಣ್ಣೆಯನ್ನೂ ಹಾಕುವಂತಿರಲಿಲ್ಲ, ವ್ರತಕ್ಕೆ ಭಂಗ. ದೊರೆಗಳು ಪೋಪರಿಗೆ ಅರ್ಜಿ ಹಾಕಿ ಹಾಕಿ, 1491ರಲ್ಲಿ ಎಂಟನೇ ಇನೊಸೆಂಟ್ ಒಪ್ಪಿದರು: ಚರ್ಚಿನ ಕಟ್ಟಡಕ್ಕೆ ಹಣ ಕೊಡಿ, ಬೆಣ್ಣೆ ತಿನ್ನಿ. ಭಕ್ತಿಗೂ ವ್ಯಾಪಾರಕ್ಕೂ ಅಂದೇ ರಾಜಿಯಾಯಿತು. ಅದಾದ ಮೇಲೆ ಅವು ಜಗಳವಾಡಿದ್ದನ್ನು ಯಾರೂ ಕಂಡಿಲ್ಲ.

ಒಂದು ಸೋಮವಾರದ ಸಂತೆ ಈಗ ನಾಲ್ಕು ವಾರಕ್ಕೆ ಹಿಗ್ಗಿದೆ. ಕ್ರಿಸ್ಮಸ್ ಸಿದ್ಧತೆಯ ಮೊದಲ ಭಾನುವಾರಕ್ಕೆ ಒಂದು ವಾರ ಮುಂಚೆ, ಪ್ರಾಟೆಸ್ಟಂಟರು ತೀರಿಹೋದವರನ್ನು ನೆನೆಯುವ ಭಾನುವಾರ ಬರುತ್ತದೆ. ಅದು ಕಳೆಯುವವರೆಗೆ ಅಂಗಡಿ ತೆರೆಯಬಾರದೆಂಬುದು ಹಳೆಯ ಮರ್ಯಾದೆ. ಈಗ ಎಷ್ಟೋ ಕಡೆ ಅದಕ್ಕೂ ಮುಂಚೆಯೇ ತೆರೆಯುತ್ತಾರೆ, ಆ ಭಾನುವಾರ ಒಂದು ದಿನ ಮಾತ್ರ ಬಾಗಿಲು ಹಾಕುತ್ತಾರೆ. ಸೋಮವಾರ ಬೆಳಿಗ್ಗೆ ಸಾಸೇಜ್ ಬೇಯಿಸಲು ಪಿತೃಗಳ ಅಭ್ಯಂತರವೇನೂ ಇರಲಾರದು.

ಸಾಸೇಜಿಗೆ ಮಾತ್ರ ಶಾಸ್ತ್ರ ಬಿಗಿ. ನ್ಯೂರೆಂಬರ್ಗ್ ಹೆಸರು ಹೊತ್ತ ಸಾಸೇಜ್ 7ರಿಂದ 9 ಸೆಂಟಿಮೀಟರ್ ಉದ್ದವೇ ಇರಬೇಕು, ಆ ಊರಿನಲ್ಲೇ ತಯಾರಾಗಬೇಕು. ಯುರೋಪಿಯನ್ ಒಕ್ಕೂಟದ ರಕ್ಷಣೆ ಅದಕ್ಕಿದೆ. ಎಲಿಸೆನ್ ಎಂಬ ಮೇಲ್ದರ್ಜೆಯ ಲೆಬ್ಕುಖೆನ್ ಮಸಾಲೆ ಬಿಸ್ಕತ್ತಿನಲ್ಲಿ ಬಾದಾಮಿ, ಹೇಝಲ್‌ನಟ್, ಆಕ್ರೋಟು ಸೇರಿ ಕಾಲು ಭಾಗಕ್ಕೆ ಕಡಿಮೆಯಾಗಬಾರದು, ಹಿಟ್ಟು ನೂರಕ್ಕೆ ಹತ್ತನ್ನು ಮೀರಬಾರದು. ನ್ಯೂರೆಂಬರ್ಗಿನ ಸಂತೆಯಲ್ಲಿ ಪ್ಲಾಸ್ಟಿಕ್ ತೋರಣ ನಿಷಿದ್ಧ. ಸಂಪ್ರದಾಯಕ್ಕೆ ಸ್ಕೇಲು, ತಕ್ಕಡಿ, ಇನ್‌ಸ್ಪೆಕ್ಟರು ಮೂರೂ ಇರುವ ಜಗತ್ತಿನ ಅಪರೂಪದ ಜಾಗ ಇದು. ವೈನಿನ ಲೋಟಕ್ಕೆ ಪ್ರತ್ಯೇಕ ಡಿಪಾಸಿಟ್ಟು. ಲೋಟದ ಮೇಲೆ ಈ ವರ್ಷದ ಇಸವಿ, ಹೊಸ ಚಿತ್ರ. ಪ್ರವಾಸಿ ಅದನ್ನು ಬ್ಯಾಗಿಗೆ ತುರುಕಿ ಡಿಪಾಸಿಟ್ಟು ಬಿಟ್ಟು ನಡೆದರೆ ವ್ಯಾಪಾರಿ ಅಳುತ್ತ ಕೂರುವುದಿಲ್ಲ. ಮುಂದಿನ ವರ್ಷದ ಪುರಾತನ ಲೋಟಕ್ಕೆ ಆಗಲೇ ಆರ್ಡರ್ ಹೋಗಿರುತ್ತದೆ.

ಮ್ಯೂನಿಕ್, ಫ್ರಾಂಕ್‌ಫರ್ಟ್‌ಗಳಲ್ಲಿ ನೆಲೆಸಿದ ನಮ್ಮ ಸಾಫ್ಟ್‌ವೇರ್ ಮಕ್ಕಳು ಊರಿಂದ ಬಂದ ಅಪ್ಪ ಅಮ್ಮನನ್ನು ಚಳಿಗಾಲದಲ್ಲಿ ಕರೆದೊಯ್ಯುವುದೂ ಇಲ್ಲಿಗೇ. ಸಸ್ಯಾಹಾರಿ ಅಮ್ಮನಿಗೆ ಸುಟ್ಟ ಚೆಸ್ಟ್‌ನಟ್, ಸಕ್ಕರೆ ಬಾದಾಮಿ, ಸೇಬಿನ ಗೊಜ್ಜಿನ ಜೊತೆ ಆಲೂಗಡ್ಡೆ ರೊಟ್ಟಿ.

“ಇದಕ್ಕೆ ಮೊಟ್ಟೆ ಹಾಕಿಲ್ಲ ತಾನೇ?”

“ಬರೀ ಆಲೂಗಡ್ಡೆ ಕಣಮ್ಮ” ಎನ್ನುವ ಮಗನಿಗೆ ಸತ್ಯ ಗೊತ್ತು, ಹಸಿವೂ ಗೊತ್ತು. ಆಚೆ ಕಾಯುತ್ತಿರುವ ಗ್ಲೂವೈನ್ ಎಂಬ ಮಸಾಲೆ ವೈನಿನ ಹಬೆ ಮೂಗಿಗೆ ಬಡಿದಾಗ ಅಮ್ಮ ಇನ್ನೊಂದು ಮಾತು ಹೇಳುತ್ತಾರೆ: “ಇದು ನಮ್ಮನೆ ಕಷಾಯದ ವಾಸನೆ ಅಲ್ಲವೇನೋ?” ಇಡೀ ಮಾರುಕಟ್ಟೆಯಲ್ಲಿ ಇತಿಹಾಸ ಬಲ್ಲವರು ಅವರೊಬ್ಬರೇ.

ಏಕೆಂದರೆ ಇತಿಹಾಸ ಅಲ್ಲಿ ಮೂಗಿಗಷ್ಟೇ ಸಿಗುತ್ತದೆ, ಕಣ್ಣಿಗೆ ಕಾಣುವುದೆಲ್ಲ ಹೊಸದು. ನ್ಯೂರೆಂಬರ್ಗಿನ ಸಂತೆಯನ್ನು ಹತ್ತೊಂಬತ್ತನೇ ಶತಮಾನದ ಕೊನೆಗೆ ಊರಿನವರೇ ಮುಖ್ಯ ಚೌಕದಿಂದ ಎತ್ತಂಗಡಿ ಮಾಡಿದ್ದರು. 1933ರಲ್ಲಿ ಅದನ್ನು ಮೆರವಣಿಗೆಯ ಮರ್ಯಾದೆಯೊಡನೆ ಚೌಕಕ್ಕೆ ಮರಳಿ ತಂದವರು ನಾಜಿಗಳು. ಆಗ ಆ ಚೌಕಕ್ಕೆ ಹಿಟ್ಲರನ ಹೆಸರಿಟ್ಟಿದ್ದರು. ಚರ್ಚಿನ ಬಾಲ್ಕನಿಯಲ್ಲಿ ಕ್ರಿಸ್ಟ್‌ಕಿಂಡ್ ಎಂಬ ದೇವದೂತೆಯ ವೇಷದವಳು ನಿಂತು ಸಂತೆ ಉದ್ಘಾಟಿಸುವ ಸಡಗರವೂ ಆ ಕಾಲದ್ದೇ. ಅವಳು ಈಗ ಹೇಳುವ ಪದ್ಯ ಯುದ್ಧ ಮುಗಿದ ಮೇಲೆ, 1948ರಲ್ಲಿ ಬರೆದದ್ದು. ಊರಿನ ಹುಡುಗಿಯೊಬ್ಬಳನ್ನು ಆ ಪಾತ್ರಕ್ಕೆ ಆರಿಸುವ ಪದ್ಧತಿ 1969ರದು, ಅಂದರೆ ಚಂದ್ರನ ಮೇಲೆ ಮನುಷ್ಯ ಕಾಲಿಟ್ಟ ವರ್ಷದ್ದು. ಸಾವಿರಾರು ಜನ ಚಳಿಯಲ್ಲಿ ನಿಂತು ಕಣ್ಣು ಒದ್ದೆ ಮಾಡಿಕೊಳ್ಳುವ ಆ ಪುರಾತನ ಗಳಿಗೆಯ ಬಹುಪಾಲು, ಅಲ್ಲಿ ನಿಂತ ಅಜ್ಜಂದಿರಿಗಿಂತ ಚಿಕ್ಕದು.

ಆ ಆಯ್ಕೆಗೂ ನಿಯಮಗಳಿವೆ. ವಯಸ್ಸು 16ರಿಂದ 19, ಎತ್ತರ ಕನಿಷ್ಠ 160 ಸೆಂಟಿಮೀಟರ್, ನ್ಯೂರೆಂಬರ್ಗಿನ ನಂಟು ಇರಬೇಕು, ಮೇಲೆ ನಿಂತಾಗ ತಲೆ ಸುತ್ತಬಾರದು. ತಲೆ ಮೇಲಿನ ಬಂಗಾರದ ಗುಂಗುರು ಕೂದಲು ವಿಗ್ಗು. ಅಪ್ಪ ಯಾವ ದೇಶದವನು ಎಂಬ ಕಾಲಂ ಅರ್ಜಿಯಲ್ಲಿಲ್ಲ.

ಕೆಲವರು ಅದನ್ನು ತಾವೇ ಸೇರಿಸಿಕೊಂಡರು. 2019ರಲ್ಲಿ ಆಯ್ಕೆಯಾದ ಹುಡುಗಿ ನ್ಯೂರೆಂಬರ್ಗಿನಲ್ಲೇ ಹುಟ್ಟಿದವಳು, ತಂದೆ ಭಾರತದವರು. ಬಲಪಂಥೀಯ ಎಎಫ್‌ಡಿ ಪಕ್ಷದ ಒಂದು ಸ್ಥಳೀಯ ಘಟಕ ಕೂಡಲೇ ಫೇಸ್‌ಬುಕ್ಕಿನಲ್ಲಿ ಮರುಗಿತು: ಅಮೆರಿಕದ ಮೂಲನಿವಾಸಿಗಳಿಗೆ ಬಂದ ಗತಿಯೇ ಮುಂದೊಂದು ದಿನ ನಮಗೂ ಬರುತ್ತದೆ ಎಂಬ ಅರ್ಥದಲ್ಲಿ. ದೇಶವಿಡೀ ಉಗಿದ ಮೇಲೆ ಪೋಸ್ಟನ್ನು ತೆಗೆದರು. ಮಾರುಕಟ್ಟೆಗಳಿಗೆ ನಿಜವಾದ ಕಾವಲು ಬೇಕಾಗಿರುವುದು ಹೌದು. 2016ರಲ್ಲಿ ಬರ್ಲಿನ್ನಿನಲ್ಲಿ, 2024ರಲ್ಲಿ ಮಾಗ್ಡೆಬುರ್ಗಿನಲ್ಲಿ ಜನರ ಮೇಲೆ ವಾಹನ ಹರಿಸಿ ಕೊಂದರು, ಅದರಲ್ಲಿ ನಗುವುದಕ್ಕೇನೂ ಇಲ್ಲ. ಆ ಭಯಕ್ಕೆ ಊರುಗಳು ಕಾಂಕ್ರೀಟ್ ದಿಮ್ಮಿ ಇಟ್ಟಿವೆ. ಈ ಮಹನೀಯರು ದಿಮ್ಮಿ ಇಟ್ಟದ್ದು ಹದಿನೇಳರ ಹುಡುಗಿಯೊಬ್ಬಳ ರಕ್ತದ ಸುತ್ತ.

ಅನಾಹ್ವಾನಿತರ ಲೆಕ್ಕ ತೆಗೆಯುವುದಾದರೆ ಸ್ವಲ್ಪ ಹಿಂದಿನಿಂದಲೇ ತೆಗೆಯೋಣ. 1505ರಲ್ಲಿ ಪೋರ್ಚುಗಲ್‌ನಿಂದ ಫ್ರಾನ್ಸಿಸ್ಕೊ ದ ಅಲ್ಮೇಡಾ ದೊಡ್ಡ ನೌಕಾಪಡೆ ಕಟ್ಟಿಕೊಂಡು ಹೊರಟಾಗ ಅದಕ್ಕೆ ಬಂಡವಾಳ ಹಾಕಿದವರಲ್ಲಿ ನ್ಯೂರೆಂಬರ್ಗಿನ ಇಮ್ಹೋಫ್, ಹಿರ್ಷ್‌ಫೋಗೆಲ್ ಮನೆತನಗಳೂ ಇದ್ದವು. ಬೇಕಾಗಿದ್ದದ್ದು ಕರಿಮೆಣಸು. ಆ ಪಡೆ ಕಾರವಾರದೆದುರಿನ ಅಂಜದೀವದಲ್ಲಿ ಲಂಗರು ಹಾಕಿ ಕೋಟೆ ಎಬ್ಬಿಸಿತು, ಹೊನ್ನಾವರದಲ್ಲಿ ಹಡಗುಗಳಿಗೆ ಬೆಂಕಿ ಇಟ್ಟಿತು, ಮುಂದೆ ಮಲಬಾರಿಗೆ ಹೋಗಿ ಮೆಣಸು ತುಂಬಿಕೊಂಡಿತು. ಹೊನ್ನಾವರದವರು ಅವರ ಎತ್ತರ ಅಳೆಯಲಿಲ್ಲ, ತಲೆ ಸುತ್ತುತ್ತದೆಯೇ ಎಂದೂ ಕೇಳಲಿಲ್ಲ. 514 ವರ್ಷ ಕಳೆದ ಮೇಲೆ ಆ ದಿಕ್ಕಿನ ರಕ್ತವಿರುವ ಹುಡುಗಿಯೊಬ್ಬಳು ಬಾಲ್ಕನಿಯಲ್ಲಿ ನಿಂತು ಒಂದು ಪದ್ಯ ಓದಿದರೆ, ಅದಕ್ಕೆ ಆಕ್ರಮಣವೆಂದು ಹೆಸರು.

ಶುದ್ಧ ಸಂಪ್ರದಾಯ ಬೇಕೆನ್ನುವವರಿಗಾಗಿ ಮಾರುಕಟ್ಟೆಯ ಮೂಲೆಯಲ್ಲೊಂದು ಪ್ರತ್ಯೇಕ ಅಂಗಡಿ ಇಡುವುದೇ ನ್ಯಾಯ. ಗ್ಲೂವೈನಿನಿಂದ ದಾಲ್ಚಿನ್ನಿ, ಲವಂಗ ತೆಗೆದು ಕೊಡಬೇಕು. ಲೆಬ್ಕುಖೆನ್‌ನಿಂದ ಏಲಕ್ಕಿ, ಜಾಯಿಕಾಯಿಗಳನ್ನು ಹೆಕ್ಕಿ ಆಚೆಗಿಟ್ಟು ಬರೀ ಜೇನು, ಹಿಟ್ಟು, ಬೀಜ ಉಳಿಸಬೇಕು. ಸಾಸೇಜಿಗೆ ಮೆಣಸು ಬೀಳಕೂಡದು. ಉದ್ದ ಬೇಕಾದರೆ ಸರಿಯಾಗಿ ಒಂಬತ್ತು ಸೆಂಟಿಮೀಟರ್ ಇರಲಿ. ಬೆಲೆಯಲ್ಲಿ ರಿಯಾಯಿತಿ ಬೇಡ. ಚಪ್ಪೆ ತಿನ್ನುವ ದೇಶಭಕ್ತಿಗೆ ಪೂರ್ತಿ ದುಡ್ಡು ಕೊಡುವ ಗಿರಾಕಿಗಳು ಎಲ್ಲ ಊರುಗಳಲ್ಲೂ ಇದ್ದಾರೆ.