ಕುಕ್ಕರ್ ಫ್ರೀ!

ಕೊಟ್ಟೂರು ಬಜಾರ. ಮಡಚೋ ಚಾಕುವಿನ ಹುಚ್ಚು ಹತ್ತಿದ ಕೂಡ್ಲಿಗಿಯ ಮೇಷ್ಟ್ರು ಗಾಜಿನ ಪೆಟ್ಟಿಗೆಗೆ ಮೂಗು ಹಚ್ಚಿ ನಿಂತಿದ್ದಾರೆ. (ಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚುವವರು ಅವರಲ್ಲ.)

ಮೇಷ್ಟ್ರು: ಸಾವ್ಕಾರ್ರೆ, ಇದಕ್ಕೆಷ್ಟ್ರೀ?

ಸಾವ್ಕಾರ: ಮೂರು ಸಾವಿರ.

ಮೇಷ್ಟ್ರು: ಎಂ.ಆರ್.ಪಿ.ಗಿಂತ ಹೆಚ್ಚು ತಗೊಂಡ್ರೆ ತಪ್ಪು. ಕಡಿಮಿಗೆ ಕೊಟ್ರೆ ಯಾವ ಕಾನೂನೂ ಕೇಳಲ್ಲ.

ಸಾವ್ಕಾರ: ಕಾನೂನು ಕೇಳಲ್ರೀ, ಕಂಪನಿ ಕೇಳ್ತೈತಿ. ರೇಟು ಇಳಿಸಿ ಬೋರ್ಡ್ ಹಾಕಿದ್ರೆ ಮುಂದಿನ ಮಾಲು ಬಂದ್.

ಮೇಷ್ಟ್ರು: ಬೋರ್ಡ್ ಬ್ಯಾಡ, ಕಿವ್ಯಾಗ ಹೇಳ್ರಿ.

ಸಾವ್ಕಾರ: ನೀವೇ ಕಂಪನಿ ಕಡೆಯವರಾದ್ರೆ? ಮಾರುತಿ ಕಾರಿನವರು ಗಿರಾಕಿ ವೇಷದಾಗ ಜನ ಕಳಿಸಿ, ಡಿಸ್ಕೌಂಟ್ ಹೆಚ್ಚು ಕೊಟ್ಟ ಡೀಲರಿಗಷ್ಟೇ ಅಲ್ಲ, ಸೇಲ್ಸ್ ಹುಡುಗನಿಗೂ ದಂಡ ಹಾಕ್ತಿದ್ರಂತ.

ಮೇಷ್ಟ್ರು: ಆಮ್ಯಾಲೆ ಅವರಿಗೇ ಬಿತ್ತಲ್ಲ! 2021ರಾಗ ಸ್ಪರ್ಧಾ ಆಯೋಗ 200 ಕೋಟಿ ಜಡೀತು.

ಸಾವ್ಕಾರ: ಅದು ಕಾರು. ನನ್ನ ನಾಕು ಚಾಕುವಿಗೆ ದಿಲ್ಲಿಯಿಂದ ಯಾರು ಬರ್ತಾರ್ರೀ?

ಮೇಷ್ಟ್ರು: ನಮ್ಮೂರ ಕಮ್ಮಾರಣ್ಣನೇ ವಾಸಿ. ಲಾರಿ ಕಮಾನಿನ ಪಟ್ಟಿ ಕಾಸಿ, ಬಡಿದು ಮಚ್ಚು ಮಾಡ್ತಾನ. ಮುಖ ನೋಡಿ ರೇಟು ಹೇಳ್ತಾನ.

ಸಾವ್ಕಾರ: ನಿಮ್ಮ ಮುಖಕ್ಕೆ?

ಮೇಷ್ಟ್ರು: ಪಗಾರ ಬರ್ತೈತಿ ಅಂತ ಐವತ್ತು ಹೆಚ್ಚಿಗೆ ಅಂದ.

ಸಾವ್ಕಾರ (ಅತ್ತಿತ್ತ ನೋಡಿ): ಬಿಲ್ಲು ಮೂರು ಸಾವಿರಕ್ಕೇ ಹರೀತೀನಿ. ಜತಿಗೆ ಒಂದು ಕುಕ್ಕರ್ ಫ್ರೀ. ಕುಕ್ಕರ್ ಕೊಡಬ್ಯಾಡ ಅಂತ ಚಾಕು ಕಂಪನಿ ಎಲ್ಲೂ ಬರದಿಲ್ಲ.

ಮೇಷ್ಟ್ರು: ಕುಕ್ಕರ್ ನೀವೇ ಇಟ್ಕೊಂಡು ಅದರ ರೊಕ್ಕ ಮುರಕೊಳ್ರಿ.

ಸಾವ್ಕಾರ: ಮೆಲ್ಲಕ ಮಾತಾಡ್ರಿ! ಕುಕ್ಕರ್ ಕಂಪನಿಯವನು ಎದುರಿಗೇ ಚಾ ಕುಡಿಯಾಕತ್ಯಾನ.