ಗಡಿ ದಾಟಿದ ಕೊಂಬೆಗೊಂದು ತಿಳುವಳಿಕೆ ಪತ್ರ

ಗೆ,
ಪಿರಿಯಾಪಟ್ಟಣ ತಾಲ್ಲೂಕು ಬೆಟ್ಟದಪುರ ಹೋಬಳಿಯ ಹಿತ್ತಲು, ಹೊಲ, ತೆಂಗಿನ ತೋಟಗಳಲ್ಲಿ ಹುಟ್ಟಿ ಪಕ್ಕದವರ ಕಡೆಗೆ ವಾಲಿರುವ ಸಮಸ್ತ ಕೊಂಬೆಗಳಿಗೆ.

ವಿಷಯ: ಪೂರ್ವಾನುಮತಿ ಇಲ್ಲದೆ ನೆರೆಯವರ ಆಕಾಶದಲ್ಲಿ ಬಿಡಾರ ಹೂಡಿರುವ ಬಗ್ಗೆ.

ಉಲ್ಲೇಖ: ಪಕ್ಕದ ಮನೆಯವರ ಮೌಖಿಕ ದೂರು. ದಿನಾಂಕ ನಮೂದಾಗಿಲ್ಲ, ಪ್ರತಿ ಮುಂಗಾರಿಗೂ ತಾನಾಗಿ ನವೀಕರಣಗೊಳ್ಳುತ್ತದೆ.

ಬುಡ ಒಬ್ಬರ ನೆಲದಲ್ಲಿ, ತುದಿ ಇನ್ನೊಬ್ಬರ ನೆಲದ ಮೇಲೆ ಇರುವುದೇ ತಕರಾರಿನ ಕೊಂಬೆ. ಮರ ಯಾರದು ಎಂಬುದನ್ನು ಬುಡ ತೀರ್ಮಾನಿಸುತ್ತದೆ. ಕೊಂಬೆ ಎಷ್ಟು ದೂರ ಚಾಚಿದರೂ ಒಡೆತನ ಬದಲಾಗುವುದಿಲ್ಲ. ಈ ಮಟ್ಟಿಗೆ ಸದರಿ ಕೊಂಬೆ ಬೆಂಗಳೂರು ಸೇರಿದ ಮಗನ ಹಾಗೆ: ವಾಸ ಬೇರೆ ಕಡೆ, ಪಡಿತರ ಚೀಟಿಯಲ್ಲಿ ಹೆಸರು ಮಾತ್ರ ಊರಲ್ಲೇ. ಆದರೆ ಕೊಂಬೆಯ ಕೆಳಗಿನ ನೆಲವೂ ಆ ನೆಲಕ್ಕೆ ಬೀಳಬೇಕಾದ ಬಿಸಿಲೂ ಪಕ್ಕದವರವು. ಇಬ್ಬರದೂ ನ್ಯಾಯವಾದ ಹಕ್ಕೇ. ಇಬ್ಬರೂ ಅನ್ಯಾಯದವರಾಗಿದ್ದರೆ ಜಗಳ ಇಷ್ಟು ವರ್ಷ ಬಾಳುತ್ತಿರಲಿಲ್ಲ.

ಕೊಂಬೆ ಗಡಿ ದಾಟಿದೆ ಎನ್ನುವುದಕ್ಕೆ ಮೊದಲು ಗಡಿ ಎಲ್ಲಿದೆ ಎಂಬುದು ಗೊತ್ತಿರಬೇಕು. ಪಹಣಿಯಲ್ಲಿ ಮರಗಳಿಗೆ ಒಂದು ಕಲಂ ಇದೆ, ಕೊಂಬೆಗೆ ಇಲ್ಲ. ಜಮೀನಿನ ಗಡಿಯ ಬಗ್ಗೆ ಅನುಮಾನ ಬಂದರೆ ಹದ್ದುಬಸ್ತಿಗೆ ಅರ್ಜಿ ಹಾಕಬಹುದು. ಭೂಮಾಪಕರು ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ಕೊಟ್ಟು, ಹಳೆಯ ಸರ್ವೆ ಟಿಪ್ಪಣಿ ತೆಗೆಸಿ, ಅಳೆದು, ಗುರುತು ಹಾಕಿಕೊಡುತ್ತಾರೆ. ಇದರಲ್ಲಿ ಒಂದು ಅಪಾಯವಿದೆ. ಬೇಲಿಯೇ ನಾಲ್ಕು ಅಡಿ ಆಚೆಗೋ ಈಚೆಗೋ ಸರಿದಿತ್ತೆಂದು ಬಯಲಾದರೆ, ಕೊಂಬೆಯ ಮೇಲೆ ದೂರು ಕೊಟ್ಟವರು ಸಂಜೆಯ ಹೊತ್ತಿಗೆ ಇಡೀ ಮರದ ಮಾಲೀಕರಾಗಿರುತ್ತಾರೆ. ಇಲ್ಲವೇ ತಮ್ಮ ದನದ ಕೊಟ್ಟಿಗೆಯ ಒಂದು ಮೂಲೆಯನ್ನು ಕಳೆದುಕೊಂಡಿರುತ್ತಾರೆ. ಕೊಂಬೆಗಾಗಿ ಅಳತೆ ಮಾಡಿಸುವವರು ಟಿಪ್ಪಣಿಯ ನಕಲನ್ನು ಮೊದಲು ತಾವೇ ಒಮ್ಮೆ ನೋಡಿಕೊಳ್ಳುವುದು ವಾಸಿ.

ಊರೊಳಗಿನ ಮನೆಗಳದು ಇನ್ನೂ ಗೋಜಲು. ಗ್ರಾಮಠಾಣಾದ ನಿವೇಶನಗಳಿಗೆ ಹೊಲದ ಹಾಗೆ ಒಂದೊಂದಕ್ಕೂ ಸರ್ವೆ ಟಿಪ್ಪಣಿ ಇರುವುದಿಲ್ಲ, ಚಕ್ಕುಬಂದಿ ಇರುತ್ತದೆ: ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಹುಣಸೆ ಮರ. ಆ ಹುಣಸೆ ಮರ ಎಂದೋ ಬಿದ್ದಿರುತ್ತದೆ. ಈ ತೊಡಕು ಬಿಡಿಸಲು ಕೇಂದ್ರ ಸರ್ಕಾರ 2020ರಲ್ಲಿ ಸ್ವಾಮಿತ್ವ ಯೋಜನೆ ತಂದು, ಹಳ್ಳಿಯ ಮನೆಗಳನ್ನು ಡ್ರೋನ್ ಹಾರಿಸಿ ಅಳೆಯಲು ಹೊರಟಿತು. ಡ್ರೋನ್ ಮೇಲಿನಿಂದ ನೋಡುತ್ತದೆ. ಮೇಲಿನಿಂದ ನೋಡಿದಾಗ ಕಾಂಪೌಂಡ್ ಗೋಡೆಗಿಂತ ಮೊದಲು ಕಾಣುವುದು ಅದನ್ನು ಮುಚ್ಚಿಕೊಂಡಿರುವ ಹಲಸಿನ ಮರದ ಹರವು. ಹೀಗೆ ಜನ್ಮದಲ್ಲಿ ಮೊದಲ ಬಾರಿಗೆ ಸದರಿ ಕೊಂಬೆಗೆ ಸರ್ಕಾರಿ ಚಿತ್ರದಲ್ಲಿ ಜಾಗ ಸಿಕ್ಕಿತು, ಗಡಿಗೆ ಸಿಗಲಿಲ್ಲ.

ಗಡಿ ಖಚಿತವಾದ ಮೇಲಿನ ಕಾನೂನು ಬಹಳ ಚಿಕ್ಕದು. ಪಕ್ಕದವರು ತಮ್ಮ ನೆಲದಲ್ಲಿ ನಿಂತು, ಗಡಿಯವರೆಗಿನ ಕೊಂಬೆಯನ್ನು ಮಾತ್ರ ಸವರಬಹುದು. ಗೋಡೆ ಹತ್ತಿ ಆಚೆ ಇಳಿಯುವಂತಿಲ್ಲ, ಗಡಿಯಾಚೆಗೆ ಗರಗಸ ಹಾಕುವಂತಿಲ್ಲ. ಲೆಮನ್ ಮತ್ತು ವೆಬ್ ಎಂಬ ಇಬ್ಬರ ಮೊಕದ್ದಮೆಯಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1894ರಲ್ಲಿ ಹೇಳಿದ್ದು ಇದನ್ನೇ. ಆಚೆಯವರ ಜಾಗಕ್ಕೆ ಕಾಲಿಡದಿದ್ದರೆ ಮುಂಚಿತ ನೋಟಿಸೂ ಬೇಡ ಎಂದಿತು. ಕೊಂಬೆ ಎಷ್ಟೋ ವರ್ಷಗಳಿಂದ ಅಲ್ಲೇ ಇದೆ ಎಂಬ ವಾದಕ್ಕೂ ಅಲ್ಲಿ ಬೆಲೆ ಸಿಗಲಿಲ್ಲ. ಭಾರತದ ನ್ಯಾಯಾಲಯಗಳೂ ಅದೇ ದಾರಿ ಹಿಡಿದವು. 1882ರ ಅನುಭೋಗ ಹಕ್ಕುಗಳ ಕಾಯಿದೆಯಂತೆ ದಾರಿ, ನೀರುಕಾಲುವೆ, ಕಿಟಕಿಯ ಬೆಳಕು ಇವುಗಳನ್ನು ಅಡ್ಡಿಯಿಲ್ಲದೆ 20 ವರ್ಷ ಅನುಭವಿಸಿದವರಿಗೆ ಹಕ್ಕು ಹುಟ್ಟುತ್ತದೆ. ಕೊಂಬೆಗೆ ಆ ಭಾಗ್ಯವಿಲ್ಲ. ದಿನವೂ ಬೆಳೆಯುವ ವಸ್ತು ಯಾವ ದಿನ ಗಡಿ ದಾಟಿತೆಂದು ಯಾರೂ ಹೇಳಲಾರರು. ಎಣಿಕೆ ಶುರುವಾಗದ 20 ವರ್ಷ ಮುಗಿಯುವುದೂ ಇಲ್ಲ. ಅಂದಹಾಗೆ ಈ ಕಾಯಿದೆ ಮೊದಲು ಜಾರಿಯಾದ ಪ್ರಾಂತ್ಯಗಳಲ್ಲಿ ಕೊಡಗು ಸೇರಿತ್ತು, ಮೈಸೂರು ಸಂಸ್ಥಾನ ಸೇರಿರಲಿಲ್ಲ. ಬೈಲಕುಪ್ಪೆ ದಾಟಿ ಕಾವೇರಿಯ ಆಚೆ ದಡದಲ್ಲಿದ್ದ ಕೊಂಬೆಗೆ ಅನ್ವಯವಾಗುತ್ತಿದ್ದ ಕಾಯಿದೆ ಈಚೆ ದಡದ ಕೊಂಬೆಗೆ ಗೊತ್ತಿರಲಿಲ್ಲ. ಬೆಳೆಯುವುದರಲ್ಲಿ ಎರಡಕ್ಕೂ ವ್ಯತ್ಯಾಸವಾದ ಲಕ್ಷಣವಿಲ್ಲ.

ಸವರಿದ ಕೊಂಬೆ, ಅದರಲ್ಲಿದ್ದ ಕಾಯಿ ಸವರಿದವರದಲ್ಲ. ಮಿಲ್ಸ್ ಮತ್ತು ಬ್ರೂಕರ್ ಎಂಬ ಇಬ್ಬರ ನಡುವೆ ಸೇಬಿನ ಹಣ್ಣಿಗಾಗಿ ನಡೆದ ವ್ಯಾಜ್ಯದಲ್ಲಿ ಇಂಗ್ಲೆಂಡಿನ ನ್ಯಾಯಾಲಯ 1919ರಲ್ಲಿ ಹೀಗೆ ತೀರ್ಪು ಕೊಟ್ಟಿತು: ಕೊಂಬೆ ತೆಗೆಯುವ ಹಕ್ಕಿದೆ, ಹಣ್ಣು ಇಟ್ಟುಕೊಳ್ಳುವ ಹಕ್ಕಿಲ್ಲ. ಲೋಕವೆಲ್ಲ ಹೀಗೇ ಇಲ್ಲ. ಜರ್ಮನಿಯ ಸಿವಿಲ್ ಸಂಹಿತೆಯಲ್ಲಿ ತಾನಾಗಿ ಪಕ್ಕದ ನೆಲಕ್ಕೆ ಬಿದ್ದ ಹಣ್ಣು ಆ ನೆಲದವರದು, ಫ್ರಾನ್ಸಿನಲ್ಲೂ ಹಾಗೆಯೇ. ಪ್ರಾಚೀನ ರೋಮಿನಲ್ಲಿ ಮಾತ್ರ ಮರದವರು ಪಕ್ಕದ ನೆಲಕ್ಕೆ ಹೋಗಿ ಬಿದ್ದದ್ದನ್ನು ಆಯ್ದುಕೊಂಡು ಬರಬಹುದಿತ್ತು. ಬೆಟ್ಟದಪುರದ ಕಡೆ ನಡೆಯುವ ಪದ್ಧತಿ ಈ ಮೂರಕ್ಕೂ ಸೇರಿದ್ದಲ್ಲ. ರಾತ್ರಿ ಬಿದ್ದ ತೆಂಗಿನಕಾಯಿಯ ಸದ್ದು ಎರಡೂ ಮನೆಗೆ ಕೇಳುತ್ತದೆ, ಕಾಯಿ ಬೆಳಿಗ್ಗೆ ಯಾರಿಗೂ ಕಾಣುವುದಿಲ್ಲ. ಹಲಸಿನ ಹಣ್ಣಾದರೆ ಬಚ್ಚಿಡುವುದು ಕಷ್ಟ, ವಾಸನೆ ಸಾಕ್ಷಿ ಹೇಳುತ್ತದೆ. ಆದ್ದರಿಂದ ಕೊಯ್ದ ಮನೆಯಿಂದ ಪಕ್ಕದ ಮನೆಗೆ ಒಂದಿಷ್ಟು ತೊಳೆ ಹೋಗುತ್ತದೆ. ಆ ತೊಳೆ ಪಾಲೋ ಪ್ರೀತಿಯೋ ಎಂದು ಯಾರೂ ಕೇಳಬಾರದು. ತರಗೆಲೆಯ ಒಡೆತನದ ಬಗ್ಗೆ ಮಾತ್ರ ಯಾವ ದೇಶದಲ್ಲೂ ಎರಡು ಕಡೆಯವರು ಹಕ್ಕು ಸಾಧಿಸಿದ ನೆನಪಿಲ್ಲ.

ಈ ಸೀಮೆಯಲ್ಲಿ ಕೊಂಬೆಯ ಜಗಳಕ್ಕೆ ಇರುವ ಕಾವು ಬೇರೆ ಕಡೆ ಇಲ್ಲದಿರುವುದಕ್ಕೆ ಕಾರಣ ಹೊಗೆಸೊಪ್ಪು. ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ, ಕೆ.ಆರ್. ನಗರದ ಕೆಂಪು ಮಣ್ಣಿನಲ್ಲಿ ಮುಂಗಾರಿಗೆ ನಾಟಿಯಾಗುವ ವರ್ಜೀನಿಯಾ ತಂಬಾಕಿಗೆ ಬಿಸಿಲು ಬೇಕು. ಪಕ್ಕದ ಹೊಲದ ಹೊಂಗೆಯೋ ಮಾವೋ ಬದುವಿನ ಮೇಲೆ ಬಾಗಿದರೆ ಆ ನೆರಳಿನ ಸಾಲುಗಳ ಗಿಡ ಸೊರಗುತ್ತವೆ. ಇನ್ನೊಂದು ಕಡೆ ಅದೇ ಎಲೆಯನ್ನು ಬ್ಯಾರನ್ ಎಂಬ ಒಣಗಿಸುವ ಮನೆಯಲ್ಲಿ ದಿನಗಟ್ಟಲೆ ಕಾವು ಕೊಟ್ಟು ಹದ ಮಾಡಲು ಸೌದೆ ಬೇಕು. ನಿಂತಿರುವಾಗ ಬೆಳೆಗೆ ಶತ್ರುವಾದ ಕೊಂಬೆ ಬಿದ್ದ ಕೂಡಲೇ ಬೆಳೆಗೆ ಮಿತ್ರ. ಮರದ ಮಾಲೀಕರಿಗೆ ಮರಳಿಸಬೇಕಾದ ಕಟ್ಟಿಗೆ ಯಾವ ಬ್ಯಾರನ್ನಿನ ಒಲೆಗೆ ಹೋಯಿತೆಂದು ಹೊಗೆಯನ್ನು ನೋಡಿ ಹೇಳಲಾಗುವುದಿಲ್ಲ. ತಂಬಾಕು ಮಂಡಳಿ ಅಸ್ತಿತ್ವಕ್ಕೆ ಬಂದದ್ದು 1976ರಲ್ಲಿ. ಕರ್ನಾಟಕ ಮರಗಳ ಸಂರಕ್ಷಣಾ ಕಾಯಿದೆಯೂ 1976ರದೇ. ಸೌದೆ ಉರಿಸುವ ಬೆಳೆಗೊಂದು ಮಂಡಳಿ, ಸೌದೆಯಾಗುವ ಮರಕ್ಕೊಂದು ಕಾಯಿದೆ, ಎರಡಕ್ಕೂ ಒಂದೇ ವಯಸ್ಸು. ಇಬ್ಬರೂ ಒಬ್ಬರನ್ನೊಬ್ಬರು ಮಾತಾಡಿಸಿದ ದಾಖಲೆ ಸದರಿ ಕೊಂಬೆಯ ಬಳಿ ಇಲ್ಲ.

ಮರಗಳ ಕಾಯಿದೆಯ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಹಳ್ಳಿಯವರಿಗೆ ಇದರರ್ಥ ಅರಣ್ಯ ಇಲಾಖೆ. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್, ಗೊಬ್ಬರದ ಗಿಡ, ಹಾಲುವಾಣ ಮುಂತಾದವಕ್ಕೆ ವಿನಾಯಿತಿ ಇದೆ. ಪಟ್ಟಿ ಆಮೇಲೆ ಬೆಳೆದಿದೆ. ಮರ ಸತ್ತಿದ್ದರೆ, ರೋಗ ಹಿಡಿದಿದ್ದರೆ, ಪ್ರಾಣಕ್ಕೋ ಆಸ್ತಿಗೋ ಅಪಾಯವಾಗಿದ್ದರೆ, ಬೆಂಕಿ, ಸಿಡಿಲು, ಮಳೆಗೆ ಜಖಂಗೊಂಡಿದ್ದರೆ ಅನುಮತಿ ಸಿಗಲು ಆಧಾರ ಇದೆ. ಬೆಟ್ಟದ ಮೇಲೆ ಸಿಡಿಲು ಮಲ್ಲಿಕಾರ್ಜುನನೇ ನೆಲೆಸಿರುವ ಊರಿನಲ್ಲಿ ಕೊನೆಯ ಆಧಾರವನ್ನು ಹಗುರವಾಗಿ ಬಳಸಬಾರದು. ಪಕ್ಕದವರ ಮೇಲಿನ ಸಿವಿಲ್ ಹಕ್ಕು ಬೇರೆ, ಸರ್ಕಾರದ ಅನುಮತಿ ಬೇರೆ ಎಂಬುದು ಇಲ್ಲಿ ಜನ ಮರೆಯುವ ಅಂಶ. ದಪ್ಪ ಕೊಂಬೆ, ಬೆಲೆಬಾಳುವ ಜಾತಿಯ ಮರ, ಇಡೀ ತಲೆಯನ್ನೇ ಬೋಳಿಸುವ ಯೋಚನೆ ಇವುಗಳಲ್ಲಿ ಯಾವುದೇ ಇದ್ದರೂ ಗರಗಸಕ್ಕಿಂತ ಮೊದಲು ವಲಯ ಅರಣ್ಯ ಕಚೇರಿಗೆ ಒಂದು ಅರ್ಜಿ ಹೋಗಲಿ.

ಒಂದು ಕಾಲಕ್ಕೆ ಒಂದು ಮರದ ಬಗ್ಗೆ ಈ ಯಾವ ತಂಟೆಯೂ ಇರಲಿಲ್ಲ. ಟಿಪ್ಪು ಕಾಲದಲ್ಲಿ ಶ್ರೀಗಂಧ ರಾಜವೃಕ್ಷವಾಯಿತು. ಆಮೇಲೂ ಬಹುಕಾಲ ಅದು ಯಾರ ಹಿತ್ತಲಲ್ಲಿ ಬೆಳೆದರೂ ಸರ್ಕಾರದ್ದೇ. ಬುಡ ಇವರದಲ್ಲ, ಕೊಂಬೆ ಅವರದಲ್ಲ, ಇಬ್ಬರೂ ಸಮಾನವಾಗಿ ಹೆದರುತ್ತಿದ್ದರು. ನೆರೆಹೊರೆಯ ಸೌಹಾರ್ದಕ್ಕೆ ಅಷ್ಟು ಪರಿಣಾಮಕಾರಿಯಾದ ಶಾಸನ ಇನ್ನೊಂದು ಬರಲಿಲ್ಲ. 2001ರ ತಿದ್ದುಪಡಿ ಗಂಧದ ಮರವನ್ನು ಭೂಮಾಲೀಕರಿಗೇ ಬಿಟ್ಟುಕೊಟ್ಟು, ಆ ಜಾತಿಯ ಕೊಂಬೆಗಳನ್ನೂ ಜಗಳಕ್ಕೆ ಅರ್ಹಗೊಳಿಸಿತು.

ಮುರಿದು ಬೀಳುವಂತಿರುವ ಮರದ ದಾರಿ ಬೇರೆ. ಅಕ್ಕಪಕ್ಕದಲ್ಲಿ ವಾಸಿಸುವವರಿಗೆ, ಹಾದುಹೋಗುವವರಿಗೆ ಅಪಾಯ ತರುವ ಮರವನ್ನು ತೆಗೆಸಲು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಷರತ್ತಿನ ಆದೇಶ ಹೊರಡಿಸಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಂ ಇದಕ್ಕಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ. ಈ ಭಾಗದವರು ಹೋಗಬೇಕಾದದ್ದು ಹುಣಸೂರಿನ ಉಪವಿಭಾಗಾಧಿಕಾರಿಗಳ ಕಚೇರಿಗೆ. ಕಸ ಬೀಳುತ್ತದೆ, ನೆರಳು ಬರುತ್ತದೆ ಎಂಬ ದೂರಿಗೆ ಈ ಕಲಂ ಅಲ್ಲ. ಇನ್ನು ವಿದ್ಯುತ್ ತಂತಿಗೆ ತಗಲುವ ಕೊಂಬೆಯ ವಿಷಯದಲ್ಲಿ ಯಾವ ಕಲಮೂ ನೋಡಬೇಕಿಲ್ಲ. ವಿದ್ಯುತ್ ಸರಬರಾಜಿಗೆ ಸೆಸ್ಕ್ ಎಂಬ ನಿಗಮ ಬಂದು ಎಷ್ಟೋ ವರ್ಷವಾದರೂ ಊರಿನ ಬಾಯಲ್ಲಿ ಕೆಇಬಿಯವರೇ ಆಗಿರುವ ಲೈನ್‌ಮನ್ನರು ಮಳೆಗಾಲಕ್ಕೆ ಮುಂಚೆ ಬರುತ್ತಾರೆ, ಬುಡ ಯಾರದು ತುದಿ ಯಾರದು ಎಂದು ಕೇಳದೆ ಸವರಿ ಹೋಗುತ್ತಾರೆ. ಹೀಗಾಗಿ ಚಾಣಾಕ್ಷ ನೆರೆಯವರು ಕೊಂಬೆ ತಂತಿ ಮುಟ್ಟುವವರೆಗೆ ಕಾಯುವುದುಂಟು.

ನ್ಯಾಯ ಪಂಚಾಯ್ತಿ ಸೇರುವುದು ಅರಳಿಕಟ್ಟೆಯ ಮೇಲೆ. ಆ ಅರಳಿಯ ಕೊಂಬೆಗಳು ಸುತ್ತಲಿನ ಮನೆಗಳ ಹೆಂಚಿನ ಮೇಲೆ ನಿರಾತಂಕವಾಗಿ ಹರಡಿರುತ್ತವೆ, ಯಾರೂ ಮಚ್ಚು ಎತ್ತುವುದಿಲ್ಲ. ಅದರ ನೆರಳಲ್ಲಿ ಕೂತು ಯಜಮಾನರು ಇನ್ನೊಬ್ಬರ ನುಗ್ಗೆ ಮರದ ಕೊಂಬೆ ಎಷ್ಟು ಗೇಣು ದಾಟಿದೆ ಎಂದು ವಿಚಾರಿಸುತ್ತಾರೆ. ಆದರೂ ಈ ತಕರಾರಿಗೆ ಅಲ್ಲಿ ಸಿಗುವ ತೀರ್ಮಾನ ಕೋರ್ಟಿನದಕ್ಕಿಂತ ಬೇಗ ಸಿಗುತ್ತದೆ, ಮುಖ್ಯವಾಗಿ ಸಂಜೆಗೆ ಎಲ್ಲರೂ ಹಾಲು ಕರೆಯಲು ಹೋಗಬೇಕಾದ್ದರಿಂದ.

ಪಿರಿಯಾಪಟ್ಟಣದ ಸಿವಿಲ್ ನ್ಯಾಯಾಲಯದ ಬಾಗಿಲೂ ತೆರೆದೇ ಇದೆ. 1963ರ ನಿರ್ದಿಷ್ಟ ಪರಿಹಾರ ಕಾಯಿದೆಯಡಿ ಕೊಂಬೆ ತೆಗೆಯುವಂತೆ ಆದೇಶ ಕೋರಬಹುದು, ಆದ ನಷ್ಟಕ್ಕೆ ಪರಿಹಾರವನ್ನೂ ಕೇಳಬಹುದು. ದಾವೆ ಹೂಡಿದ ಮೇಲೆ ಪ್ರತಿವಾದಿಯ ತಕರಾರು, ವಾದಾಂಶಗಳು, ಸ್ಥಳ ತನಿಖೆಗೆ ಕಮಿಷನರು, ಕಮಿಷನರ ವರದಿಗೆ ಆಕ್ಷೇಪಣೆ. ವರದಿಯ ಫೋಟೋದಲ್ಲಿರುವ ಕೊಂಬೆ ವಿಚಾರಣೆಯ ದಿನಕ್ಕೆ ಇನ್ನೆರಡು ಮಾರು ಬೆಳೆದಿರುತ್ತದೆ, ಇಲ್ಲವೇ ಗಾಳಿಗೆ ಮುರಿದು ಬಿದ್ದು ದಾವೆಯನ್ನು ಅನಾಥ ಮಾಡಿರುತ್ತದೆ. ಗೆದ್ದವನು ಸೋತ, ಸೋತವನು ಸತ್ತ ಎಂಬ ಮಾತು ಹುಟ್ಟಿದ್ದು ಕೊಂಬೆಗಾಗಿ ಅಲ್ಲದಿದ್ದರೂ ಇಲ್ಲಿಗೆ ಅಳತೆ ತೆಗೆದು ಹೊಲಿಸಿದಂತಿದೆ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸು ಬರುತ್ತದೆ, ತೀರ್ಮಾನದ ಮೇಲೆ ಮೇಲ್ಮನವಿ ಇಲ್ಲ. ಮೇಲ್ಮನವಿ ಇಲ್ಲ ಎಂಬುದೇ ಕೆಲವರಿಗೆ ರಾಜಿಯಾಗದಿರಲು ಕಾರಣ.

ಇಬ್ಬರೂ ಒಪ್ಪಿದ ಮೇಲೆ ಕೆಲಸ ಉಳಿಯುವುದು ಗರಗಸಕ್ಕೆ. ಒಪ್ಪಿಗೆ ಒಂದು ಚೀಟಿಯಲ್ಲಿರಲಿ: ಯಾವ ಕೊಂಬೆ, ಎಲ್ಲಿಯವರೆಗೆ, ಕೂಲಿ ಯಾರದು, ಕಟ್ಟಿಗೆ ಯಾರಿಗೆ. ಕೊಂಬೆಯನ್ನು ಒಂದೇ ಏಟಿಗೆ ಕಡಿದರೆ ಅದರ ಭಾರಕ್ಕೆ ಕಾಂಡದ ಸಿಪ್ಪೆ ಸೀಳಿಕೊಂಡು ಬರುತ್ತದೆ. ಬುಡದಿಂದ ಸ್ವಲ್ಪ ದೂರದಲ್ಲಿ ಮೊದಲು ಅಡಿಯಿಂದ ಅರೆಬರೆ ಕೊಯ್ದು, ಆಮೇಲೆ ಅದರಾಚೆ ಮೇಲಿನಿಂದ ಕೊಯ್ದು ಭಾರ ಇಳಿಸಿ, ಕೊನೆಗೆ ಉಳಿದ ತುಂಡನ್ನು ಕೊಂಬೆಯ ಬುಡದ ಉಬ್ಬಿನ ಹೊರಗೆ ತೆಗೆಯಬೇಕು. ಆ ಉಬ್ಬನ್ನು ಬಿಟ್ಟರೆ ಗಾಯ ಬೇಗ ಮುಚ್ಚುತ್ತದೆ. ಮಾವು, ಹಲಸಿನ ಗಾಯಕ್ಕೆ ಬೋರ್ಡೋ ಮುಲಾಮು ಬಳಿಯುವುದು ರೂಢಿ. ಆದರೆ ಕೊಂಬೆಯ ಬುಡ ಇರುವುದು ಗಡಿಯಾಚೆ, ಪಕ್ಕದವರ ಹಕ್ಕು ಇರುವುದು ಗಡಿಯವರೆಗೆ. ಗಡಿಗೆ ಸರಿಯಾಗಿ ಕಡಿದ ಮೋಟಿನಿಂದ ಮುಂದಿನ ಮಳೆಗೆ ಹತ್ತು ಚಿಗುರು ಹೊರಟು ಎಲ್ಲವೂ ಅದೇ ದಿಕ್ಕಿಗೆ ಬಾಗುತ್ತವೆ. ಮರಕ್ಕೂ ಗೋಡೆಗೂ ಒಳ್ಳೆಯದಾಗುವ ಕಡಿತ ಮಾಲೀಕರ ಕಡೆಯಿಂದ ಮಾತ್ರ ಸಾಧ್ಯ. ಕಾನೂನು ಕೊಟ್ಟ ಹಕ್ಕನ್ನು ಚಾಚೂ ತಪ್ಪದೆ ಚಲಾಯಿಸಿದರೆ ಒಂದು ಕೊಂಬೆ ಹತ್ತಾಗುತ್ತದೆ.

ಬೇರುಗಳಿಗೂ ಇದೇ ನಿಯಮ. ಗಡಿಯೊಳಗೆ ಬಂದ ಬೇರನ್ನು ಪಕ್ಕದವರು ತಮ್ಮ ಕಡೆಯಿಂದ ಕತ್ತರಿಸಬಹುದು. ಜಪಾನಿನ ಸಿವಿಲ್ ಸಂಹಿತೆ ಬೇರನ್ನು ನೇರವಾಗಿ ಕತ್ತರಿಸಲು ಬಿಟ್ಟು, ಕೊಂಬೆಗೆ ಮಾತ್ರ ಮಾಲೀಕರನ್ನು ಕೇಳಬೇಕೆಂದಿತ್ತು. ಕೇಳಿದರೂ ಕಡಿಯದ ಮಾಲೀಕರ ಕೊಂಬೆಯನ್ನು ಪಕ್ಕದವರೇ ತೆಗೆಯಬಹುದೆಂಬ ತಿದ್ದುಪಡಿ 2023ರಲ್ಲಿ ಜಾರಿಗೆ ಬಂತು. ಕಾನೂನು ಏನೇ ಬಿಡಲಿ, ತಾಯಿಬೇರಿನ ಹತ್ತಿರದ ದಪ್ಪ ಬೇರುಗಳನ್ನು ಒಂದೇ ಬದಿಯಲ್ಲಿ ಕಡಿದರೆ ಮರ ಹಿಡಿತ ತಪ್ಪಿ ಗಾಳಿಗೆ ಉರುಳುತ್ತದೆ. ಯಾವ ಕಡೆಗೆ ಉರುಳಬೇಕೆಂಬ ಬಗ್ಗೆ ಅದಕ್ಕೆ ಯಾವ ನೋಟಿಸೂ ಜಾರಿಯಾಗಿರುವುದಿಲ್ಲ.

ಪ್ರತಿಗಳು, ಮಾಹಿತಿಗಾಗಿ: ಮರದ ಮಾಲೀಕರಿಗೆ, ಪಕ್ಕದ ಮನೆಯವರಿಗೆ, ಗರಗಸದ ಕೂಲಿಯವರಿಗೆ. ಸದರಿ ಮರದ ಬೇರುಗಳಿಗೆ ಮುದ್ದಾಂ ಮೂಲಕ.